ವಿಟ್ಬಿಗೆ ಹೊರಟ ಬಿಡಿಭಾಗಗಳು

ಮೇ 4, ಶನಿವಾರ

ಇವತ್ತು ನಾನು ಕಾರಿನ ಕೆಳಗೆ ಮಲಗಿದ್ದಾಗ ಲೋರ್ನಾ ಗ್ಯಾರೇಜಿಗೆ ಬಂದು ನನ್ನ ಬೂಟುಗಳ ಜೊತೆ ಮಾತಾಡಿದಳು. ನಮ್ಮ ಸಂಸಾರದ ದೊಡ್ಡ ದೊಡ್ಡ ತೀರ್ಮಾನಗಳನ್ನೆಲ್ಲ ಅವಳು ನನ್ನ ಬೂಟುಗಳಿಗೇ ತಿಳಿಸುತ್ತಾ ಬಂದಿದ್ದಾಳೆ.

"ಆಸ್ಪತ್ರೆಯಿಂದ ಕಾಗದ ಬಂತು. ನನ್ನ ಆಪರೇಷನ್ನು ಜುಲೈ ಎಂಟಕ್ಕೆ."

"ಒಳ್ಳೇದಾಯ್ತು" ಎಂದೆ. ಕಣ್ಣಿಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಅದಕ್ಕೆ ಮುಂಚೆ ವಿಟ್ಬಿಗೆ ಹೋಗ್ಬೇಕು. ಕ್ಲಬ್ಬಿನವರ ಜೊತೆ, ಈ ಕಾರಲ್ಲೇ. ನೀನೂ ನಾನೂ."

"ಗಾಡಿ ಇನ್ನೂ ತಯಾರಿಲ್ಲ ಲೋರ್ನಾ."

"ಗಾಡಿ ತಯಾರಾಗಿ ಆರು ವರ್ಷ ಆಯ್ತು ನೆವಿಲ್. ತಯಾರಾಗದೆ ಕೂತಿರೋನು ನೀನು. ನೀನು ಬರದಿದ್ರೆ ನಾನು ಕ್ಲಿಫರ್ಡನ ಗಾಡೀಲಿ ಹೋಗ್ತೀನಿ. ಅವನಾಗಲೇ ಒಪ್ಪಿದಾನೆ."

ಕ್ಲಿಫರ್ಡ್ ಆಗ್ಡನ್ ಪಕ್ಕದ ಬೀದಿಯವನು. ಅವನೂ ನನ್ನ ಹಾಗೆ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಮನೆಯಲ್ಲೇ ಜೋಡಿಸಿ ಕಾರು ಕಟ್ಟಿದವನು. ಆದರೆ ಕಟ್ಟುವುದಕ್ಕೂ ಜೋಡಿಸುವುದಕ್ಕೂ ವ್ಯತ್ಯಾಸವಿದೆ. ಅವನ ಹಳದಿ ಗಾಡಿ ಅಂಟುಪಟ್ಟಿಯ ಮೇಲೂ ದೇವರ ಮೇಲೂ ನಿಂತಿದೆ. ದೂರದ ದಾರಿಗೆ ಅವನು ಒಯ್ಯುವುದು ಒಂದು ಸುರುಳಿ ಅಂಟುಪಟ್ಟಿ, ಒಂದು ಫ್ಲಾಸ್ಕು ಚಹಾ, ಲಂಗುಲಗಾಮಿಲ್ಲದ ನಾಲಿಗೆ, ಇಷ್ಟೆ. ಅಂಥವನ ಪಕ್ಕದಲ್ಲಿ ನನ್ನ ಹೆಂಡತಿ ಕುಳಿತು ವಿಟ್ಬಿಯ ಸಮುದ್ರದಂಡೆಗೆ ಇಳಿಯುವುದನ್ನು ನೆನೆದರೇ ಮೈ ಉರಿಯುತ್ತದೆ.

ಮನೆಯಲ್ಲೇ ಕಾರು ಕಟ್ಟಿದವರ ನಮ್ಮ ಕ್ಲಬ್ಬು ಪ್ರತಿ ವರ್ಷ ವಿಟ್ಬಿಗೆ ಗಾಡಿಗಳ ಓಟ ನಡೆಸುತ್ತದೆ; ಆರು ವರ್ಷಗಳಿಂದ ನಾನು ಅದಕ್ಕೆ ಹೋಗದಿರುವುದಕ್ಕೆ ಕಾರಣವಿದೆ. ದಾರಿಯಲ್ಲಿ ಗಾಡಿ ಕೆಟ್ಟು ಲಾರಿಯ ಮೇಲೆ ಬಂದು ತಲುಪಿದವನ ಕೊರಳಿಗೆ ನಟ್ಟು ತಿರುಗಿಸುವ ಪಾನಾದಂತೆಯೇ ಕೆತ್ತಿದ ಮೊಳದುದ್ದದ ಮರದ ಪಾನಾ ಒಂದನ್ನು ನೇತುಹಾಕುತ್ತಾರೆ. ಅವನು ವರ್ಷವಿಡೀ ಕ್ಲಬ್ಬಿನ ಪ್ರತಿ ಸಭೆಗೂ ಅದನ್ನು ತೊಟ್ಟೇ ಬರಬೇಕು. ವಿಮಾ ಕಂಪನಿಯಲ್ಲಿ ಅಪಘಾತದ ಅರ್ಜಿಗಳನ್ನು ಪರಿಶೀಲಿಸಿ ನಿವೃತ್ತನಾದ ನೆವಿಲ್ ಹಾರ್ಡ್‌ಕ್ಯಾಸಲ್‌ನ ಕೊರಳಿಗೆ ಮರದ ಪಾನಾ ಬೀಳುವುದು ಸಾಧ್ಯವಿಲ್ಲ.

ಆದ್ದರಿಂದ ಹೋಗುವುದಾದರೆ ಪೂರ್ತಿ ಸಿದ್ಧತೆಯಲ್ಲೇ ಹೋಗಬೇಕು.

ಮೇ 12, ಭಾನುವಾರ

ಹಳೇ ಗಾಡಿಯವರಲ್ಲಿ ಒಂದು ನಂಬಿಕೆಯಿದೆ: ಯಾವ ಬಿಡಿಭಾಗವನ್ನು ಜೊತೆಯಲ್ಲಿ ಹೊತ್ತಿರುತ್ತೀಯೋ ಅದು ಕೆಡುವುದಿಲ್ಲ, ಮನೆಯಲ್ಲಿ ಬಿಟ್ಟುಬಂದದ್ದೇ ಕೆಡುತ್ತದೆ. ಎಲ್ಲರೂ ಇದನ್ನು ತಮಾಷೆಗೆ ಹೇಳುತ್ತಾರೆ. ಆದರೆ ಅದರಿಂದ ಹೊರಡುವ ತರ್ಕವನ್ನು ಯಾರೂ ಕೊನೆಯವರೆಗೆ ಹಿಂಬಾಲಿಸಿಲ್ಲ. ಎಲ್ಲವನ್ನೂ ಹೊತ್ತರೆ ಏನೂ ಕೆಡುವುದಿಲ್ಲ.

ಇವತ್ತು ಕೂಡಿಸಿದ್ದು: ಫ್ಯಾನ್ ಬೆಲ್ಟು ಎರಡು, ರೇಡಿಯೇಟರಿನ ಪೈಪು ಮೇಲಿನದೂ ಕೆಳಗಿನದೂ, ಪ್ಲಗ್ಗುಗಳು, ಫ್ಯೂಸುಗಳು, ಎಲ್ಲ ದೀಪಗಳ ಬಲ್ಬು, ಕ್ಲಚ್ ಕೇಬಲ್ಲು, ಆಕ್ಸಲರೇಟರ್ ಕೇಬಲ್ಲು, ನನ್ನ ಎಂಜಿನ್ನಿನ ಮೂಲವಾದ ಹಳೇ ಕೊರ್ಟಿನಾ ಕಾರಿನ ನೀರಿನ ಪಂಪು. ಪಂಪು ಕೆಡುವ ಮುಂಚೆ ತಿಂಗಳುಗಟ್ಟಲೆ ಕಿರುಗುಟ್ಟಿ ಎಚ್ಚರಿಸುತ್ತದೆ, ನಿಜ. ಆದರೆ ಎಚ್ಚರಿಸದೆ ಕೆಟ್ಟ ಪಂಪುಗಳ ಅರ್ಜಿಗಳನ್ನು ನಾನು ಕಣ್ಣಾರೆ ಓದಿದ್ದೇನೆ.

ಕ್ಲಿಫರ್ಡ್ ಬಂದು ನೆಲದ ಮೇಲೆ ಹರಡಿದ್ದನ್ನೆಲ್ಲ ನೋಡಿದ. "ಇಲ್ಲಿಂದ ವಿಟ್ಬಿಗೆ ಎರಡೂವರೆ ಗಂಟೆ ದಾರಿ ಕಣಯ್ಯಾ. ನೀನೇನು ಮರಳುಗಾಡು ದಾಟ್ತಿದೀಯಾ?"

"ಬೇಕಾಗಬಹುದು."

"ಹಂಗಾದ್ರೆ ಹಿಂದೆ ಇನ್ನೊಂದು ಕಾರನ್ನೇ ಕಟ್ಕೊಂಡು ಬಾ ಮಾರಾಯ. ಇದು ಕೆಟ್ರೆ ಅದು, ಅದು ಕೆಟ್ರೆ ಇದು."

ಅವನು ಹೋದ ಮೇಲೆ ಸ್ವಲ್ಪ ಹೊತ್ತು ಅದನ್ನೂ ಯೋಚಿಸಿದೆ. ಎಳೆಯುವ ಕೊಕ್ಕೆ ಬೇರೆ ಬೇಕಾಗುತ್ತದೆ. ಕೈಬಿಟ್ಟೆ.

ಮೇ 19, ಭಾನುವಾರ

ದೊಡ್ಡ ತೊಡಕು. ನನ್ನ ಗಾಡಿ ಕಲಸುಮೇಲೋಗರ. ಎಂಜಿನ್ನೂ ಗೇರುಪೆಟ್ಟಿಗೆಯೂ ಕೊರ್ಟಿನಾದ್ದು, ಸ್ಟಿಯರಿಂಗ್ ಇನ್ಯಾವುದೋ ಕಾರಿನದು, ವೈಪರು ಹಾಲಿನ ವ್ಯಾನಿನದು, ಬಾಗಿಲ ಹಿಡಿ ಎಲ್ಲಿಯದೆಂದು ನನಗೇ ಮರೆತಿದೆ. ಹೀಗಾಗಿ ನಟ್ಟು ಬೋಲ್ಟುಗಳಲ್ಲಿ ಅರ್ಧ ಇಂಚಿನ ಲೆಕ್ಕದವು, ಅರ್ಧ ಮಿಲಿಮೀಟರಿನವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ಗಾಡಿಗೆ ಎರಡು ಪೂರ್ತಿ ಪಾನಾ ಸೆಟ್ಟು ಹೊರಬೇಕು. ನಡುವೆ ಯಾವುದಕ್ಕೂ ಸೇರದ ಒಂದು ಬೋಲ್ಟಿದೆ, ಅದಕ್ಕೆ ದೊಡ್ಡ ಇಕ್ಕಳ. ಇಕ್ಕಳ ಜಾರಿದರೆ ಸುತ್ತಿಗೆ.

ಲೋರ್ನಾ ಚಹಾ ತಂದಳು. ಅಡುಗೆಮನೆಯಿಂದ ಗ್ಯಾರೇಜಿಗೆ ಬರುವಷ್ಟರಲ್ಲಿ ಚಹಾ ಆರಿಹೋಗಿತ್ತು. ಹಾಗೆಂದು ಹೇಳಿದೆ. ಅವಳು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು, "ಹೌದು, ಮಧ್ಯೆ ಗುಲಾಬಿ ಗಿಡದ ಹತ್ರ ಸ್ವಲ್ಪ ನಿಂತಿದ್ದೆ" ಎಂದಳು. ಗಿಡದಲ್ಲಿ ಇನ್ನೂ ಮೊಗ್ಗೇ ಇಲ್ಲ.

ಸಂಜೆ ಸ್ಟಾರ್ಟರ್ ಮೋಟಾರನ್ನೂ ಪಟ್ಟಿಗೆ ಸೇರಿಸಿದೆ.

ಮೇ 26, ಭಾನುವಾರ

ಡಿಕ್ಕಿಗೆ ತುಂಬುವ ತಾಲೀಮು ನಡೆಯಿತು. ಸ್ಟೆಪ್ನಿ ಕೆಳಗೆ, ಅದರ ಮೇಲೆ ಜಾಕು, ಕಬ್ಬಿಣದ ಸಲಕರಣೆ ಪೆಟ್ಟಿಗೆ, ಪಂಪು, ಸ್ಟಾರ್ಟರ್, ಎಣ್ಣೆ ಡಬ್ಬಿ, ಸಂದುಗಳಲ್ಲಿ ಪೈಪುಗಳು. ಒಂದು ಬೆರಳು ತೂರುವ ಜಾಗವಿಲ್ಲ. ನೋಡಿ ಕಣ್ಣು ತುಂಬಿ ಬಂತು. ಲೋರ್ನಾಳನ್ನು ಕರೆದು ತೋರಿಸಿದೆ.

ಅವಳು ತನ್ನ ಪುಟ್ಟ ನೀಲಿ ಸೂಟ್‌ಕೇಸು ಹಿಡಿದು ನಿಂತಳು. "ಇದೆಲ್ಲಿ ಇಡೋದು?"

"ಒಂದೇ ರಾತ್ರಿಯಲ್ವಾ ಅಲ್ಲಿ ಇರೋದು? ದೊಡ್ಡ ಕೋಟು ಹಾಕ್ಕೊ. ಅದಕ್ಕೆ ನಾಲ್ಕು ಜೇಬಿದೆ."

"ನಾನು ರಾತ್ರಿ ಉಡುಪನ್ನ ಜೇಬಲ್ಲಿ ಹಾಕ್ಕೊಂಡು ಬರ್ಬೇಕಾ?"

"ಒಂದು ಜೇಬಲ್ಲಿ ಉಡುಪು, ಇನ್ನೊಂದರಲ್ಲಿ ಚಪ್ಪಲಿ."

"ಮಾತ್ರೆ ಡಬ್ಬಿ?"

ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಫ್ಯೂಸುಗಳಿವೆ ಎಂದು ವಿವರಿಸಿದೆ. ಅವಳು ಗೂಡಿನ ಬಾಗಿಲು ತೆಗೆದು, ಫ್ಯೂಸುಗಳನ್ನೆಲ್ಲ ಎತ್ತಿ ನನ್ನ ಅಂಗೈಗೆ ಸುರಿದು, ಮಾತ್ರೆ ಡಬ್ಬಿ ಇಟ್ಟು ಬಾಗಿಲು ಮುಚ್ಚಿದಳು. ತಾತ್ಕಾಲಿಕವಾಗಿ ಒಪ್ಪಿದ್ದೇನೆ. ಫ್ಯೂಸುಗಳು ನನ್ನ ಸಾಕ್ಸಿನಲ್ಲಿ ಬರಲಿವೆ.

ಜೂನ್ 5, ಬುಧವಾರ

ಲೀಡ್ಸಿನ ಆಸ್ಪತ್ರೆಗೆ ಹೋಗಿಬಂದೆವು, ನಮ್ಮ ಮಾಮೂಲಿ ಕಾರಿನಲ್ಲಿ. ಶಸ್ತ್ರವೈದ್ಯ ಚಿಕ್ಕ ವಯಸ್ಸಿನವನು, ಕಿವಿ ದೊಡ್ಡವು. ಲೋರ್ನಾಳ ಹೃದಯದ ಕವಾಟ, ಅಂದರೆ ವಾಲ್ವು, ಸಣ್ಣಗಾಗಿದೆ, ತೆಗೆದು ಹೊಸದು ಕೂರಿಸುತ್ತೇವೆ ಎಂದು ಒಂದು ಕವಾಟವನ್ನೇ ತಂದು ಮೇಜಿನ ಮೇಲಿಟ್ಟ. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು.

"ಏನಾದ್ರೂ ಕೇಳೋದಿದೆಯಾ?" ಎಂದ.

ನಾನು ಕೇಳಿದೆ. ಹೊಸದು ಅಳತೆಗೆ ಕೂರದಿದ್ದರೆ? ಬೇರೆ ಅಳತೆಯವು ಅಲ್ಲೇ ಕೈಯಳತೆಯಲ್ಲಿ ಇರುತ್ತವೋ, ಉಗ್ರಾಣದಿಂದ ತರಿಸಬೇಕೋ? ಉಗ್ರಾಣಕ್ಕೆ ಬೀಗ ಹಾಕಿದ್ದರೆ ಕೀಲಿ ಯಾರ ಬಳಿ? ಕರೆಂಟು ಹೋದರೆ? ನಿಮಗೇ ಹುಷಾರು ತಪ್ಪಿದರೆ?

"ಎಲ್ಲಾ ಅಳತೆಯವೂ ಪಕ್ಕದಲ್ಲೇ ಇರ್ತವೆ ಸಾರ್. ಡಾಕ್ಟರೂ ಒಬ್ಬರು ಹೆಚ್ಚಿಗೇನೇ ಇರ್ತಾರೆ" ಎಂದು ನಕ್ಕ. ಒಳ್ಳೆಯ ಹುಡುಗ. ಅಲ್ಲಿಯ ವ್ಯವಸ್ಥೆ ಬಗ್ಗೆ ನನಗೆ ಬಹಳ ಸಮಾಧಾನವಾಯಿತು.

ಮನೆಗೆ ಬರುವಾಗ ಲೋರ್ನಾ, "ನೆವಿಲ್, ನನ್ನ ಎದೆ ನಿನ್ನ ಗ್ಯಾರೇಜಲ್ಲ" ಎಂದಳು. ಯಾಕೆ ಹಾಗೆಂದಳೋ ತಿಳಿಯಲಿಲ್ಲ. ದಾರಿಯಲ್ಲಿ ಅಂಗಡಿಗೆ ನುಗ್ಗಿ ಮೂರನೇ ಫ್ಯಾನ್ ಬೆಲ್ಟು ತಂದೆ.

ಜೂನ್ 9, ಭಾನುವಾರ

ತುಂಬಿದ ಗಾಡಿಯನ್ನು ಮೊದಲ ಸಲ ಬೀದಿಗಿಳಿಸಿದೆ. ಹಿಂಭಾಗ ನೆಲ ಮುಟ್ಟುವಂತೆ ಕುಸಿದಿದೆ, ಮುಂಭಾಗ ಆಕಾಶ ನೋಡುತ್ತಿದೆ. ಹೆಡ್‌ಲೈಟು ಹಾಕಿದರೆ ಚರ್ಚಿನ ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರುವ ತಗಡಿನ ಕೋಳಿ ಬೆಳಗುತ್ತದೆ. ಬೀದಿಯ ಉಬ್ಬಿನಲ್ಲಿ ಸೈಲೆನ್ಸರು ಕಿಡಿ ಹಾರಿಸಿತು.

ಕ್ಲಿಫರ್ಡ್ ಗೇಟಿಗೆ ಒರಗಿ ನಿಂತಿದ್ದ. "ಡಿಕ್ಕೀಲಿ ಆನೆ ಕೂರಿಸಿದೀಯೇನೋ?"

ಪಕ್ಕದಲ್ಲಿದ್ದ ಲೋರ್ನಾ, "ಆನೆ ಆಗಿದ್ರೆ ಏರಿನಲ್ಲಿ ಇಳಿದು ತಳ್ತಿತ್ತು" ಎಂದಳು. ಅವರಿಬ್ಬರೂ ನನ್ನ ಮುಂದೆಯೇ ನಗುವಷ್ಟು ಸಲುಗೆಯಾಗಿದೆ.

ಸಾಮಾನು ಇಳಿಸುವ ಪ್ರಶ್ನೆಯೇ ಇಲ್ಲ. ಹಿಂದೆ ಭಾರ ಹೆಚ್ಚಾದರೆ ಮುಂದೆಯೂ ಹೆಚ್ಚಿಸಬೇಕು, ತಕ್ಕಡಿಯ ನ್ಯಾಯ ಅದೇ. ಕೆಲಸದ ಬೆಂಚಿಗೆ ಕೂರಿಸಿದ್ದ, ಭಾಗಗಳನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸನ್ನೇ ಬಿಚ್ಚಿ ಲೋರ್ನಾಳ ಸೀಟಿನ ಮುಂದೆ ಇಟ್ಟೆ. ಗಾಡಿ ಬಹುಪಾಲು ಸಮಕ್ಕೆ ಬಂತು. ಕಾಲಿಡಲು ಒಳ್ಳೆಯ ಮಣೆಯಾಯಿತು ಎಂದರೆ ಅವಳು ಮಂಡಿಗಳನ್ನು ಗಲ್ಲದ ತನಕ ಮಡಚಿ ಕೂತು ನನ್ನನ್ನೇ ನೋಡಿದಳು.

ಜೂನ್ 14, ಶುಕ್ರವಾರ

ನಾಳೆ ಓಟ. ಬೆಳಿಗ್ಗೆಯಿಂದ ನನಗೆ ಒಂದು ಯೋಚನೆ. ತಿಂಡಿಯ ಹೊತ್ತಿಗೆ ಹೇಳಿದೆ.

"ಸೆಪ್ಟೆಂಬರಲ್ಲಿ ಹೋಗೋಣ್ವಾ? ಆಪರೇಷನ್ ಆಗಿರುತ್ತೆ, ನೀನೂ ಸುಧಾರಿಸಿಕೊಂಡಿರ್ತೀಯ. ನಾನು ಅಷ್ಟರಲ್ಲಿ ಹಿಂದಿನ ಸ್ಪ್ರಿಂಗು ಬದಲಾಯಿಸ್ತೀನಿ."

ಅವಳು ಟೋಸ್ಟಿಗೆ ಮಾರ್ಮಲೇಡ್ ಸವರುವುದನ್ನು ನಿಲ್ಲಿಸಿದಳು.

"ಸೆಪ್ಟೆಂಬರಲ್ಲಿ ನಾನು ಇರ್ತೀನೋ ಇಲ್ವೋ ನೆವಿಲ್."

"ಹಾಗೆಲ್ಲ ಮಾತಾಡ್ಬೇಡ."

"ನೀನು ಮಾತಾಡಲ್ವಲ್ಲ, ಅದಕ್ಕೆ ನಾನು ಮಾತಾಡ್ತಿದೀನಿ. ನೀನು ಮೀನ ಮೇಷ ಎಣಿಸ್ತಾ ಕೂತ್ಕೊ. ನಾನು ಕ್ಲಿಫರ್ಡಿಗೆ ಫೋನ್ ಮಾಡ್ತೀನಿ."

ಅವಳು ಫೋನಿನ ಕಡೆ ಎದ್ದಳು. ಎದ್ದವಳು ಕುರ್ಚಿಯ ಬೆನ್ನು ಹಿಡಿದು ಉಸಿರಿಗಾಗಿ ಒಂದು ನಿಮಿಷ ನಿಲ್ಲಬೇಕಾಯಿತು. ನನಗೆ ಭಯವಾಯಿತು. ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ: ಬಹಳ ಭಯವಾಯಿತು. "ಬೇಡ, ನಾನೇ ಕರ್ಕೊಂಡು ಹೋಗ್ತೀನಿ. ಬೆಳಿಗ್ಗೆ ಎಂಟಕ್ಕೆ" ಎಂದೆ.

ಆಮೇಲೆ ಗ್ಯಾರೇಜಿಗೆ ಹೋಗಿ ಹಿಂದಿನ ಚಕ್ರದ ಉದ್ದನೆಯ ಶಾಫ್ಟೊಂದನ್ನೂ ಡಿಕ್ಕಿಗೆ ಸೇರಿಸಿದೆ. ಇಡುವಾಗ ತಳದಲ್ಲಿ ಚಟ್ಟೆಂದು ಏನೋ ಸದ್ದಾಯಿತು. ಪೈಪು ಜರುಗಿರಬೇಕು.

ಜೂನ್ 16, ಭಾನುವಾರ, ವಿಟ್ಬಿ

ನಿನ್ನೆ ಬರೆಯಲಾಗಲಿಲ್ಲ. ನಡೆದದ್ದನ್ನು ಅನುಕ್ರಮವಾಗಿ ದಾಖಲಿಸುತ್ತೇನೆ.

ಎಂಟಕ್ಕೆ ಹೊರಟೆವು. ಕ್ಲಬ್ಬಿನ ಗಾಡಿಗಳು ಸಾಲಾಗಿ, ನಮ್ಮ ಹಿಂದೆ ಕ್ಲಿಫರ್ಡ್. ಸಟನ್ ಬ್ಯಾಂಕ್ ಎಂಬ ಕಡಿದಾದ ಗುಡ್ಡದ ಏರನ್ನು ಮೊದಲ ಗೇರಿನಲ್ಲಿ ಹತ್ತಿದೆವು. ಕ್ಲಚ್ಚು ಸುಟ್ಟ ವಾಸನೆ ಬಂತು, ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟುತ್ತಾ ಶುಭ ಹಾರೈಸಿದ. ಆದರೂ ಹತ್ತಿದೆವು. ಪಿಕರಿಂಗ್ ಊರು ದಾಟಿ, ಕುರಿಗಳು ರಸ್ತೆಯಲ್ಲೇ ಮಲಗುವ ಬಯಲಿಗೆ ಬಂದಾಗ ನಾನು ಸೀಟಿ ಹಾಕುವ ಮಟ್ಟಕ್ಕೆ ಬಂದಿದ್ದೆ.

ಅಲ್ಲಿ ರಸ್ತೆಯಲ್ಲೊಂದು ಉಬ್ಬು. ಹಿಂದೆ ದುಪ್ಪಟಿ ಹರಿದಂತೆ ಸದ್ದು. ಅದರ ಬೆನ್ನಿಗೇ ಪಾತ್ರೆ ಅಂಗಡಿಯೊಂದು ಮೆಟ್ಟಿಲಿನಿಂದ ಉರುಳಿದ ಸದ್ದು. ಗಾಡಿ ಮುಂದಕ್ಕೆ ಚಂಗನೆ ಹಾರಿತು.

ಲೋರ್ನಾ ಹಿಂದಿರುಗಿ ನೋಡಿ, "ನೆವಿಲ್, ನಿಂದೇನೋ ಬಿತ್ತು" ಎಂದಳು.

ಡಿಕ್ಕಿಯ ತಳವೇ ಬಿದ್ದಿತ್ತು. ಆ ಫೈಬರ್ ತಳವನ್ನು ಒಂದು ಚಳಿಗಾಲ ಪೂರ್ತಿ ನಾನೇ ಅಂಟು ಸವರಿ ಪದರದ ಮೇಲೆ ಪದರ ಹಾಕಿ ಮಾಡಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆಯೂ ನನ್ನದೇ ಎಂಬುದು ಇಲ್ಲಿಯ ವಿಶೇಷ. ರಸ್ತೆಯುದ್ದಕ್ಕೂ ಬಿತ್ತನೆ ಮಾಡಿದಂತೆ ಪಾನಾಗಳು, ನಟ್ಟುಗಳು, ಬೆಲ್ಟುಗಳು. ಸ್ಟೆಪ್ನಿ ತನ್ನ ಪಾಡಿಗೆ ಇಳಿಜಾರಿನಲ್ಲಿ ವಿಟ್ಬಿಯ ಕಡೆ ಹೊರಟುಹೋಯಿತು. ಕ್ಲಿಫರ್ಡ್ ಸ್ಟಾರ್ಟರ್ ಮೋಟಾರಿಗೆ ಗುದ್ದದೆ ಹೇಗೆ ತಪ್ಪಿಸಿದನೋ ಅವನಿಗೇ ಗೊತ್ತು.

ಒಂದು ಗಾಡಿ ನಿಂತರೆ ಹಿಂದಿನವರೆಲ್ಲ ನಿಲ್ಲಬೇಕೆನ್ನುವುದು ಕ್ಲಬ್ಬಿನ ಕಟ್ಟಳೆ. ಎಲ್ಲರೂ ನಿಂತರು, ಎಲ್ಲರೂ ಇಳಿದರು, ಹೊಲದಲ್ಲಿ ಆಲೂಗಡ್ಡೆ ಆರಿಸುವವರಂತೆ ಬಗ್ಗಿ ಆರಿಸತೊಡಗಿದರು. ಆರಿಸುತ್ತಾ ಕೂಗಾಟ ಬೇರೆ.

"ನೆವಿಲ್, ಮೂರು ಫ್ಯಾನ್ ಬೆಲ್ಟಾ? ನಿನಗೆಷ್ಟು ಫ್ಯಾನಪ್ಪಾ?"

"ಈ ಶಾಫ್ಟು ನಡುದಾರೀಲಿ ಯಾರು ಹಾಕ್ತಾರೆ ಮಾರಾಯ? ಕ್ರೇನೂ ತಂದಿದೀಯಾ?"

ಒಂದು ಕುರಿ ಗ್ರೀಸ್ ಡಬ್ಬಿಯನ್ನು ಮೂಸಿ ನೋಡಿ, ನನ್ನ ಕಡೆ ಒಮ್ಮೆ ನೋಡಿ, ಬೇಡವೆಂದು ಹೋಯಿತು.

ನಾನು ಮಂಡಿಯೂರಿ ಮಿಲಿಮೀಟರಿನ ಪಾನಾಗಳನ್ನು ಇಂಚಿನವುಗಳಿಂದ ಬೇರ್ಪಡಿಸುತ್ತಿದ್ದೆ. ಹದಿಮೂರರದು ಸಿಕ್ಕಿರಲಿಲ್ಲ. ಆಗ ಕ್ಲಿಫರ್ಡ್ ಎಂದೂ ಇಲ್ಲದ ಮೆಲುದನಿಯಲ್ಲಿ, "ನೆವಿಲ್, ಆ ಕಡೆ ಲೋರ್ನಾನ ನೋಡು" ಎಂದ.

ಅವಳು ರಸ್ತೆ ಬದಿಯ ಹುಲ್ಲಿನ ಮೇಲೆ ಕೂತಿದ್ದಳು. ತಲೆ ಮಂಡಿಗಳ ನಡುವೆ. ಭುಜಗಳು ಅದುರುತ್ತಿದ್ದವು.

ನಾನು ಹೇಗೆ ಓಡಿದೆನೋ ತಿಳಿಯದು. ಕೈಯಲ್ಲಿದ್ದ ಪಾನಾಗಳೆಲ್ಲ ಮತ್ತೆ ರಸ್ತೆಗೆ ಬಿದ್ದವು. "ಲೋರ್ನಾ! ಮಾತ್ರೆ! ಮಾತ್ರೆ ಎಲ್ಲಿ?" ಎಂದು ಕೂಗಿದೆ. ಮಾತ್ರೆ ಗೂಡಿನಲ್ಲಿದೆಯೆಂದು ನೆನಪಾಗಿ ಗಾಡಿಯ ಕಡೆ ತಿರುಗಿದೆ, ಅವಳನ್ನು ಬಿಟ್ಟು ಹೋಗಲಾರದೆ ಮತ್ತೆ ಇತ್ತ ತಿರುಗಿದೆ, ಅಲ್ಲೇ ಬುಗುರಿಯಾದೆ. ಅವಳು ಮುಖವೆತ್ತಿದಳು. ಕೆನ್ನೆ ತುಂಬಾ ನೀರು. ನಗುತ್ತಿದ್ದಳು. ಮಾತು ಹೊರಡದಷ್ಟು ನಗು.

"ಆ ಕುರಿ... ನೆವಿಲ್... ಕುರೀನೂ ಬೇಡ ಅಂತು..."

"ನೀನು ಸತ್ತೇ ಹೋದೆ ಅಂದ್ಕೊಂಡೆ!" ಎಂದು ಚೀರಿದೆ. ಇಡೀ ಬಯಲಿಗೆ ಕೇಳಿಸಿರಬೇಕು. ಆರಿಸುತ್ತಿದ್ದವರೆಲ್ಲ ಬಗ್ಗಿದವರು ಬಗ್ಗಿದಂತೆಯೇ ನಿಂತರು.

ಅವಳು ನಗು ನಿಲ್ಲಿಸಿ, ನನ್ನ ಕೋಟಿನ ಕೊರಳಪಟ್ಟಿ ಹಿಡಿದು ಹತ್ತಿರಕ್ಕೆಳೆದುಕೊಂಡಳು. "ನಾನು ನಗ್ತಿದೀನೋ ಸಾಯ್ತಿದೀನೋ ಅನ್ನೋದೂ ನಿನಗೆ ಗೊತ್ತಾಗಲ್ವಾ? ನನ್ನ ಮುಖ ನೋಡಿ ಎಷ್ಟು ದಿನ ಆಯ್ತೋ ನೀನು?"

ಕೆನ್ನೆ ಒರೆಸಿಕೊಳ್ಳಲು ನನ್ನ ಕರವಸ್ತ್ರ ಕೊಟ್ಟೆ.

ಆಮೇಲೆ ಕ್ಲಿಫರ್ಡ್ ಬಂದು ವ್ಯವಹಾರದ ಮಾತಾಡಿದ. "ಲಾರಿ ಕರೆಸಿದ್ರೆ ಮಧ್ಯಾಹ್ನದ ಮೇಲೆ ಬರುತ್ತೆ. ನೀನು ನಿನ್ನ ಸಾಮಾನು ಕಾಯ್ತಾ ಇಲ್ಲೇ ಇರು. ಲೋರ್ನಾ ತಾಯೀನ ನಾನು ಕರ್ಕೊಂಡು ಹೋಗ್ತೀನಿ. ಏನಂತೀಯಾ?"

"ಅವನನ್ನೇ ಕೇಳು" ಎಂದಳು ಲೋರ್ನಾ, ಸಮುದ್ರವಿರುವ ದಿಕ್ಕಿಗೆ ನೋಡುತ್ತಾ.

ನಾನು ಡಿಕ್ಕಿ ತೆರೆದು ನೋಡಿದೆ. ತಳವಿದ್ದಲ್ಲಿ ರಸ್ತೆ ಕಂಡಿತು. "ಇಷ್ಟು ದೊಡ್ಡ ತೂತು ಇಟ್ಕೊಂಡು ಹೇಗಯ್ಯಾ ಓಡಿಸೋದು?" ಎಂದೆ.

"ಎಂಜಿನ್ನಿಗೆ ಏನಾದ್ರೂ ಆಗಿದೆಯಾ?" ಎಂದ ಕ್ಲಿಫರ್ಡ್.

"ಇಲ್ಲ."

"ಚಕ್ರ, ಬ್ರೇಕು?"

"ಇಲ್ಲ."

"ತೂತು ಇರೋದು ಸಾಮಾನಿಡೋ ಜಾಗದಲ್ಲಿ. ಸಾಮಾನು ಇಡದಿದ್ರೆ ತೂತಿದ್ರೆಷ್ಟು, ಬಿಟ್ರೆಷ್ಟು?"

ವಿಮಾ ಕಂಪನಿಯಲ್ಲಿ ಇಂಥ ವಾದವನ್ನು ನಾನು ಒಂದೇ ಗೀಟಿನಲ್ಲಿ ತಳ್ಳಿಹಾಕುತ್ತಿದ್ದೆ. ಆದರೆ ಲೋರ್ನಾಳ ಕೈ ಕ್ಲಿಫರ್ಡನ ಗಾಡಿಯ ಬಾಗಿಲಿನ ಮೇಲಿತ್ತು. "ಯಾರಿಗೆ ಏನು ಬೇಕೋ ತಗೊಳ್ರಪ್ಪಾ" ಎಂದುಬಿಟ್ಟೆ. ತಗೊಂಡರು! ಹ್ಯಾಲಿಫ್ಯಾಕ್ಸಿನ ಮುದುಕನೊಬ್ಬ ನೀರಿನ ಪಂಪನ್ನು ಎದೆಗವಚಿಕೊಂಡು, ಇದಕ್ಕಾಗಿ ಎಷ್ಟು ವರ್ಷದಿಂದ ಹುಡುಕುತ್ತಿದ್ದೆ ಎಂದು ನನ್ನ ಎರಡೂ ಕೈ ಕುಲುಕಿದ. ಬೆಲ್ಟುಗಳು ಮೂರು ಗಾಡಿಗಳಿಗೆ ಹೋದವು. ಉಳಿದದ್ದನ್ನೆಲ್ಲ ಸಲಕರಣೆ ಪೆಟ್ಟಿಗೆಗೆ ತುಂಬಿ ಕ್ಲಿಫರ್ಡ್ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ. ವೈಸನ್ನೂ ಲೋರ್ನಾಳೇ ಕಾಲಿನಿಂದ ಆಚೆ ತಳ್ಳಿದಳು.

ಬರಿಗೈಯಲ್ಲಿ ಹೊರಟೆವು. ಗಾಡಿ ಅಷ್ಟು ಚುರುಕೆಂದು ಕಟ್ಟಿದ ನನಗೇ ತಿಳಿದಿರಲಿಲ್ಲ. ಲೋರ್ನಾ ಕಾಲು ಚಾಚಿ, ತಲೆವಸ್ತ್ರ ಬಿಚ್ಚಿ ಗಾಳಿಗೆ ಹಿಡಿದು ಕೂತಳು. ದಿಬ್ಬದ ಮೇಲಿನಿಂದ ಸಮುದ್ರ ಕಂಡಾಗ ನನ್ನ ತೋಳು ಹಿಸುಕಿದಳು. ಸ್ಟೆಪ್ನಿ ಅರ್ಧ ಮೈಲಿ ಕೆಳಗೆ ಹಳ್ಳದಲ್ಲಿ ಸಿಕ್ಕಿತು, ಅದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ. ಕೇಳಬಾರದಿತ್ತು. ಬಿಟ್ಟು ಹೋದೆವು.

ಸಂಜೆ ಕ್ಲಬ್ಬಿನ ಅಧ್ಯಕ್ಷೆ ಡಾಫ್ನಿ ಮರ್ಗಟ್ರಾಯ್ಡ್ ತೀರ್ಪಿತ್ತರು: ನೆವಿಲ್ ತನ್ನ ಗಾಡಿಯಲ್ಲೇ ಬಂದಿದ್ದಾನೆ, ನಿರ್ದೋಷಿ. ಅವನ ಸಲಕರಣೆ ಪೆಟ್ಟಿಗೆ ಮಾತ್ರ ದಾರಿಯಲ್ಲಿ ಕೆಟ್ಟು ಇನ್ನೊಬ್ಬರ ವಾಹನದಲ್ಲಿ ಬಂದಿದೆ, ಆದ್ದರಿಂದ ಮರದ ಪಾನಾ ಪೆಟ್ಟಿಗೆಯ ಕೊರಳಿಗೆ. ಪೆಟ್ಟಿಗೆಗೆ ಕೊರಳಿಲ್ಲವೆಂದು ಮೇಲ್ಮನವಿ ಸಲ್ಲಿಸಿದೆ. ವಜಾ ಆಯಿತು. ಲೋರ್ನಾ ಎರಡು ತಟ್ಟೆ ಮೀನು ತಿಂದಳು, ಒಂದು ನನ್ನದು.

ಹದಿಮೂರರ ಪಾನಾ ಕೊನೆಗೂ ಸಿಕ್ಕಲಿಲ್ಲ.

ಜೂನ್ 23, ಭಾನುವಾರ

ಡಿಕ್ಕಿಗೆ ಹೊಸ ತಳ ಹಾಕಬೇಕು. ನಾಳೆ ಶುರು ಮಾಡುತ್ತೇನೆ.

ಇವತ್ತು ಲೋರ್ನಾಳಿಗೆ ಐಸ್‌ಕ್ರೀಂ ತಿನ್ನಬೇಕೆನಿಸಿ ಇಲ್ಕ್ಲಿ ಊರಿಗೆ ಹೋದೆವು. ಬರುವಾಗ ಮಳೆ. ಗಾಡಿಯ ಮಡಚುವ ಛಾವಣಿ ಎಳೆದರೆ ಬರಲಿಲ್ಲ, ಕೀಲು ಸಿಕ್ಕಿಕೊಂಡಿದೆ. ಬಿಚ್ಚೋಣವೆಂದರೆ ಕೈಯಲ್ಲಿ ಒಂದು ಸ್ಕ್ರೂಡ್ರೈವರೂ ಇಲ್ಲ. ಅವಳು ಕೊಡೆ ಬಿಚ್ಚಿ ಇಬ್ಬರಿಗೂ ಹಿಡಿದಳು. ಬಸ್ಸಿನಲ್ಲಿದ್ದವರು ಕೈಬೀಸಿದರು.

ಜೂನ್ 30, ಭಾನುವಾರ

ಪೆಟ್ಟಿಗೆ ತಂದುಕೊಡಲೇ ಎಂದು ಕ್ಲಿಫರ್ಡ್ ಕೇಳಿದ. ಆಮೇಲೆ ನೋಡೋಣವೆಂದೆ, ನಾವು ಆಗ ನದಿಯ ಕಡೆ ಹೊರಟಿದ್ದೆವು. ತಳ ಇನ್ನೂ ಹಾಕಿಲ್ಲ. ಬಿಡುವೇ ಆಗುತ್ತಿಲ್ಲ.

ಲೋರ್ನಾಳಿಗೆ ಎಡಗೆನ್ನೆಯಲ್ಲಿ ಒಂದು ಚಿಕ್ಕ ಮಚ್ಚೆ ಇದೆ. ಹೊಸದೇ ಎಂದು ಕೇಳಿದೆ. ಮದುವೆಯ ಫೋಟೋದಲ್ಲೂ ಇದೆ ಎಂದಳು. ಇದೆ.

ಜುಲೈ 7, ಭಾನುವಾರ

ನಾಳೆ ಆಸ್ಪತ್ರೆಗೆ ಯಾವ ಕಾರಿನಲ್ಲಿ ಎಂದು ಕೇಳಿದರೆ, "ನೀನು ಕಟ್ಟಿದ್ದೀಯಲ್ಲ, ನಮ್ಮದ್ರಲ್ಲೇ" ಎಂದಳು.

"ದಾರೀಲಿ ನಿಂತ್ರೆ?"

"ನಿಲ್ಲಲಿ. ಯಾರಾದ್ರೂ ಬರ್ತಾರೆ. ಇಲ್ಲಾಂದ್ರೆ ನೀನಂತೂ ಇರ್ತೀಯಲ್ಲ."

ನೀಲಿ ಸೂಟ್‌ಕೇಸಿಗೆ ಜಾಗ ಬೇಕು. ಡಿಕ್ಕಿಯ ತೂತಿಗೆ ಅಡ್ಡಲಾಗಿ ಅಡುಗೆಮನೆಯ ಬ್ರೆಡ್ಡು ಕೊಯ್ಯುವ ಹಲಗೆ ಇಟ್ಟು ಅಂಟುಪಟ್ಟಿ ಸುತ್ತಿದೆ. ಅಂಟುಪಟ್ಟಿ ಕ್ಲಿಫರ್ಡನದು. ನೋಡಲು ಅಸಹ್ಯವಾಗಿದೆ, ಗಟ್ಟಿಯಾಗಿದೆ.

ಜುಲೈ 8, ಸೋಮವಾರ

ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ತನಕ ಕೈ ಹಿಡಿದಿದ್ದೆ. ಮುಂದೆ ಹೋಗಲು ಬಿಡಲಿಲ್ಲ. ನನ್ನಿಂದ ಮಾಡುವಂಥದ್ದು ಏನೂ ಇಲ್ಲ. ಕ್ಲಿಫರ್ಡಿಗೆ ಫೋನು ಮಾಡಿ ಬಾ ಎಂದೆ. ಬಂದು ಪಕ್ಕದಲ್ಲಿ ಕೂತಿದ್ದಾನೆ. ಫ್ಲಾಸ್ಕಿನ ಚಹಾವನ್ನು ಇಬ್ಬರಿಗೂ ಹಂಚಿದ.

ಜುಲೈ 9, ಮಂಗಳವಾರ

ಹೊಸ ಕವಾಟ ಚೆನ್ನಾಗಿ ಕೂತಿದೆಯಂತೆ. ದೊಡ್ಡ ಕಿವಿಯ ಹುಡುಗ ನಿನ್ನೆ ಮಧ್ಯಾಹ್ನವೇ ಬಂದು ಹೇಳಿದ. ಇನ್ನೂ ಒಂದಷ್ಟು ಹೇಳಿದ, ನನಗೆ ಒಂದೂ ನೆನಪಿಲ್ಲ. ನಾನೇನೂ ಕೇಳಲಿಲ್ಲ. ಅವನನ್ನು ತಬ್ಬಿಕೊಂಡೆ ಎಂದು ಕ್ಲಿಫರ್ಡ್ ಹೇಳುತ್ತಾನೆ.

ಇವತ್ತು ಲೋರ್ನಾ ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದಳು. ದನಿ ಇನ್ನೂ ಪಿಸುಮಾತು.

"ಗಾಡಿ ಎಲ್ಲಿ?"

"ಕೆಳಗೆ, ನಿಲ್ಲಿಸಿದ ಕಡೆಯೇ ಇದೆ."

"ರಾತ್ರಿ ಮನೆಗೆ ಹೋಗ್ಲಿಲ್ವಾ?"

"ಇಲ್ಲ. ಇಲ್ಲೇ ಇದ್ದೆ, ಈ ಕುರ್ಚೀಲಿ."

"ಯಾಕೆ? ಸ್ಟಾರ್ಟ್ ಆಗ್ಲಿಲ್ವಾ?"

"ಗೊತ್ತಿಲ್ಲ" ಎಂದೆ. "ನಾನು ಹೋಗಿ ನೋಡೇ ಇಲ್ಲ."

ಅವಳು ಕೈಚಾಚಿ ನನ್ನ ಕೈ ಹಿಡಿದು ನನ್ನನ್ನೇ ನೋಡಿದಳು. ಏನಾಯಿತೆಂದು ಕೇಳಿದೆ. ಏನಿಲ್ಲ ಎಂದಳು.